"ಅರ್ಥ ಆಯ್ತಾ?" ಅಂತ ಕೇಳುವುದನ್ನು ಬಿಟ್ಟ ಮೇಲೆ: ತರಗತಿಯಲ್ಲಿ ಮಕ್ಕಳ ತೊಡಗುವಿಕೆಯನ್ನು ಅಳೆಯುವ ಬಗೆ

"ಅರ್ಥ ಆಯ್ತಾ?" ಅಂತ ಕೇಳಿದರೆ ನಮ್ಮ ಮಕ್ಕಳು ಏನು ಹೇಳುತ್ತಾರೆ ಅಂತ ನಿಮಗೂ ಗೊತ್ತು. "ಆಯ್ತೂ ಸಾಆರ್" ಅಂತ ರಾಗ ಎಳೆಯುತ್ತಾರೆ, ಎಲ್ಲರೂ ಒಟ್ಟಿಗೆ. ನಾನು ಶಿಡ್ಲಘಟ್ಟ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈ ರಾಗವನ್ನು ನಾನೂ ವರ್ಷಗಟ್ಟಲೆ ನಂಬಿದ್ದೆ. ಒಂದು ಸಲ ಹತ್ತನೇ ತರಗತಿಗೆ ವಿದ್ಯುತ್ ಪಾಠ ಮಾಡುತ್ತಿದ್ದಾಗ ತರಗತಿ ಎಷ್ಟು ಸದ್ದಿಲ್ಲದೆ ಇತ್ತು ಅಂದರೆ, ಎಚ್.ಎಂ. ಬಾಗಿಲ ಹತ್ತಿರ ನಿಂತು ನೋಡಿ, ಖುಷಿಯಿಂದ ತಲೆಯಾಡಿಸಿ ಮುಂದೆ ಹೋದರು. ಮಾರನೇ ದಿನ ಅದೇ ಪಾಠದಿಂದ ಒಂದು "ಯಾಕೆ" ಕೇಳಿದೆ. 42 ಜನರಲ್ಲಿ ಮೂರು ಕೈ ಎದ್ದವು. ಅವು ದಿನಾ ಏಳುವ ಮೂರು ಕೈಗಳೇ.

ಗಲಾಟೆ ಇಲ್ಲ ಅಂದರೆ ಪಾಠ ಹಿಡಿಯಿತು ಅಂತ ಲೆಕ್ಕ ಹಾಕಿದ್ದೆ. ಅದಾದ ಮೇಲೆ ಓದಿ, ಕೇಳಿ, ತಪ್ಪು ಮಾಡಿ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಕಾಗುವ ಸಾಮಾನು ಇಷ್ಟೇ: ನೂರು ಪುಟದ ಒಂದು ನೋಟ್‌ಬುಕ್, ಪೆನ್ಸಿಲ್, ಹಿಂದುಗಡೆ ಖಾಲಿ ಇರುವ ಹಳೇ ಪ್ರಶ್ನೆಪತ್ರಿಕೆಗಳು. ಆ್ಯಪ್ ಗೀಪ್ ಏನೂ ಬೇಡ. ಆರು ವಾರ ಟೈಮ್ ಇಟ್ಟುಕೊಳ್ಳಿ. ಒಂದೇ ತರಗತಿ, ಒಂದೇ ವಿಷಯ ಆರಿಸಿಕೊಳ್ಳಿ. ಐದು ಸೆಕ್ಷನ್‌ಗೂ ಒಟ್ಟಿಗೆ ಶುರು ಮಾಡಿದರೆ ಎರಡನೇ ವಾರಕ್ಕೇ ಕೈಬಿಡುತ್ತೀರಿ. ನಾನು ಹಾಗೇ ಬಿಟ್ಟಿದ್ದೆ.

ಮೊದಲು, ಅಳೆಯುವುದು ಏನನ್ನು?

"ಆ ಹುಡುಗನಿಗೆ ಪಾಠದ ಮೇಲೆ ಗಮನವೇ ಇಲ್ಲ" ಅಂತ ಸ್ಟಾಫ್ ರೂಮಿನಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ಗಮನ ಅಂದರೆ ಯಾವುದು? ಬರೆಯುವುದಾ, ಇಷ್ಟಪಡುವುದಾ, ಯೋಚಿಸುವುದಾ? 2004ರಲ್ಲಿ ಜೆನಿಫರ್ ಫ್ರೆಡ್ರಿಕ್ಸ್, ಫಿಲಿಸ್ ಬ್ಲೂಮೆನ್‌ಫೆಲ್ಡ್, ಆಲಿಸನ್ ಪ್ಯಾರಿಸ್ ಅನ್ನುವ ಮೂವರು ಅಮೆರಿಕನ್ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿ, ತೊಡಗುವಿಕೆಯನ್ನು ಮೂರು ಭಾಗ ಮಾಡಿದರು. ನಡವಳಿಕೆ, ಭಾವನೆ, ಯೋಚನೆ. ಈಗ ಈ ವಿಷಯದ ಮೇಲೆ ಯಾರು ಬರೆದರೂ ಹೆಚ್ಚುಕಡಿಮೆ ಇದೇ ಮೂರರಿಂದ ಶುರು ಮಾಡುತ್ತಾರೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕೈ, ಮನಸ್ಸು, ತಲೆ. ಬರೆಯುತ್ತಾನೆ, ಬರುತ್ತಾನೆ, ಹೋಂವರ್ಕ್ ತರುತ್ತಾನೆ, ಇದು ಕೈ. ಈ ಪೀರಿಯಡ್ ಬಂದರೆ ಖುಷಿಯಾ, ಹೆದರಿಕೆಯಾ, ಬೇಜಾರಾ, ಇದು ಮನಸ್ಸು. ಹೇಳಿದ್ದನ್ನು ತನಗೆ ಗೊತ್ತಿರುವುದರ ಜೊತೆ ತಾಳೆ ನೋಡುತ್ತಾನಾ, ಸಿಕ್ಕಿಹಾಕಿಕೊಂಡರೆ ಇನ್ನೊಂದು ದಾರಿ ಹುಡುಕುತ್ತಾನಾ, ಇದು ತಲೆ. ಒಂದಿದ್ದು ಇನ್ನೊಂದು ಇಲ್ಲದಿರಬಹುದು. ಬೋರ್ಡಿನ ಮೇಲಿದ್ದದ್ದನ್ನು ಮುತ್ತು ಪೋಣಿಸಿದ ಹಾಗೆ ಬರೆದುಕೊಳ್ಳುವ ಹುಡುಗಿಯ ತಲೆ ಸಂಜೆಯ ಬಸ್ಸಿನಲ್ಲಿರಬಹುದು. ಕಿಟಕಿ ಆಚೆ ನೋಡುತ್ತಿರುವವನು ನೀವು ಹೇಳಿದ್ದನ್ನೇ ಜಗಿಯುತ್ತಿರಬಹುದು. ಹಾಗಾಗಿ ಒಂದೇ ಅಳತೆಗೋಲು ಸಾಲದು. ಕೈಯನ್ನು ಕಣ್ಣಿಂದ ನೋಡಬಹುದು, ಮನಸ್ಸನ್ನು ಕೇಳಿಯೇ ತಿಳಿಯಬೇಕು, ತಲೆಯನ್ನು ಅವರು ಬರೆದದ್ದು, ಕೇಳಿದ್ದು ನೋಡಿ ಊಹಿಸಬೇಕು.

ಹೆಜ್ಜೆ 1: ತರಗತಿಯ ನಕ್ಷೆ

ನೋಟ್‌ಬುಕ್ಕಿನ ನಡುಪುಟ ಬಿಡಿಸಿ ಬೆಂಚುಗಳನ್ನು ಗೆರೆ ಹಾಕಿ, ಯಾರು ಎಲ್ಲಿ ಕೂರುತ್ತಾರೆ ಅಂತ ಕ್ರಮಸಂಖ್ಯೆ ಬರೆಯಿರಿ. ಬಾಗಿಲು, ಕಿಟಕಿ, ಬೋರ್ಡು, ಕೆಟ್ಟು ನಿಂತಿರುವ ಫ್ಯಾನು, ಎಲ್ಲ ಗುರುತು ಮಾಡಿ. ಇದರ ನಾಲ್ಕೈದು ಜೆರಾಕ್ಸ್ ತೆಗೆಸಿಟ್ಟುಕೊಳ್ಳಿ. ಮೊದಲ ವಾರ ಬೇರೆ ಏನೂ ಮಾಡಬೇಡಿ. ನೀವು ಯಾರನ್ನಾದರೂ ಪ್ರಶ್ನೆ ಕೇಳಿದಾಗ ಆ ಸಂಖ್ಯೆಯ ಹತ್ತಿರ ಒಂದು ಗೀಟು ಎಳೆಯಿರಿ. ಮಗು ತಾನಾಗಿ ಮಾತಾಡಿದರೆ ಒಂದು ಚುಕ್ಕೆ. ಪಾಠದ ಮಧ್ಯೆ ಬರೆಯಲು ಆಗದಿದ್ದರೆ ಕ್ಲಾಸಿನ ಲೀಡರ್ ಕೈಗೆ ಕೊಡಿ. ಮಕ್ಕಳು ಇದನ್ನು ನಮಗಿಂತ ಶ್ರದ್ಧೆಯಿಂದ ಮಾಡುತ್ತಾರೆ.

ಶನಿವಾರ ಆ ಹಾಳೆ ಮುಂದಿಟ್ಟುಕೊಂಡು ಕೂತೆ. ಗೀಟುಗಳೆಲ್ಲ ಬೋರ್ಡಿನ ಮುಂದೆ ಗುಂಪಾಗಿದ್ದವು. ಅಲ್ಲಿಂದ ನಡುಸಾಲಿನಲ್ಲಿ ಬಾಲದ ಹಾಗೆ ಹಿಂದಕ್ಕೆ ಇಳಿದಿದ್ದವು. ಕಿಟಕಿ ಪಕ್ಕದ ಸಾಲಿನಲ್ಲಿ ಏಳು ಮಕ್ಕಳಿಗೆ ಇಡೀ ವಾರದಲ್ಲಿ ಒಂದು ಗೀಟೂ ಇರಲಿಲ್ಲ. ಏಳು ಮಕ್ಕಳನ್ನು ನಾನು ಐದು ದಿನ ಮಾತೇ ಆಡಿಸಿರಲಿಲ್ಲ! ಅವರಿಗೆ ಗಮನ ಇಲ್ಲ ಅಂತ ದೂರುತ್ತಿದ್ದವನೂ ನಾನೇ.

ಒಂದರಿಂದ ಮೂರನೇ ತರಗತಿವರೆಗೆ ಇದೇ ಮಕ್ಕಳು ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ, ಅಂದರೆ ಆಡುತ್ತಾ ಕಲಿಯುವ ಪದ್ಧತಿಯಲ್ಲಿ, ಗುಂಪಾಗಿ ಕೂತು ಬಂದವರು ಅನ್ನುವುದನ್ನು ನಾವು ಮರೆಯುತ್ತೇವೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಯಾವ ಮಗು ಎಲ್ಲಿದೆ ಅನ್ನುವುದು ಕಲಿಕಾ ಏಣಿಯ ಮೇಲೆ, ಅಂದರೆ ಕಲಿಕೆಯ ಹಂತಗಳನ್ನು ಮೆಟ್ಟಿಲಿನ ಹಾಗೆ ತೋರಿಸುವ ಪಟ್ಟಿಯ ಮೇಲೆ, ಕಾಣುತ್ತದೆ. ಹೈಸ್ಕೂಲಿಗೆ ಬರುವಷ್ಟರಲ್ಲಿ ಏಣಿ ಹೋಗಿ ಬೆಂಚು ಉಳಿದಿರುತ್ತದೆ, ನಮಗೆ ಕಾಣುವುದು ಮುಂದಿನ ಬೆಂಚಿನ ತಲೆಗಳು ಮಾತ್ರ.

ಹೆಜ್ಜೆ 2: ಐದು ನಿಮಿಷಕ್ಕೊಮ್ಮೆ ಕಣ್ಣಾಡಿಸುವುದು

ಬಿ.ಇಡಿ. ಮಾಡಿದವರಿಗೆಲ್ಲ ಫ್ಲ್ಯಾಂಡರ್ಸ್ ನೆನಪಿರಬೇಕು, ತರಗತಿಯಲ್ಲಿ ಯಾರು ಎಷ್ಟು ಮಾತಾಡುತ್ತಾರೆ ಅಂತ ಗುರುತು ಹಾಕುವ ಪದ್ಧತಿ. ಮೂರು ಸೆಕೆಂಡಿಗೊಂದು ಅಂಕಿ, ಒಟ್ಟು ಹತ್ತು ವರ್ಗ. ಅದರಲ್ಲಿ ಏಳು ಮೇಷ್ಟ್ರ ಮಾತಿಗೆ, ಎರಡು ಮಕ್ಕಳ ಮಾತಿಗೆ, ಒಂದು ಮೌನ ಅಥವಾ ಗೊಂದಲಕ್ಕೆ. ನಾವು ಆ ರೆಕಾರ್ಡನ್ನು ಕೊಡುವ ಹಿಂದಿನ ರಾತ್ರಿ ಒಬ್ಬರದ್ದನ್ನೊಬ್ಬರು ನೋಡಿ ತುಂಬಿಸಿದ್ದೆವು, ಸುಳ್ಳು ಯಾಕೆ ಹೇಳಲಿ. ಅದು ಮಾತನ್ನು ಅಳೆಯಲು ಒಳ್ಳೆಯ ಸಾಧನ. ಆದರೆ ಬಾಯಿ ತೆರೆಯದ ಮಗು ಅದರಲ್ಲಿ ಎಲ್ಲೂ ಸಿಗುವುದಿಲ್ಲ, ನಮಗೆ ಬೇಕಾಗಿರುವುದು ಆ ಮಗುವೇ.

ಅದಕ್ಕೆ ಬೇರೆ ದಾರಿ. ಆರು ಮಕ್ಕಳನ್ನು ಆರಿಸಿ: ಚುರುಕಾದವರು ಇಬ್ಬರು, ನಡುವಿನವರು ಇಬ್ಬರು, ಗೀಟೇ ಬೀಳದ ಇಬ್ಬರು. ಅವರಿಗೆ ಹೇಳಬೇಡಿ. 40 ನಿಮಿಷದ ಪೀರಿಯಡ್‌ನಲ್ಲಿ ಐದೈದು ನಿಮಿಷಕ್ಕೆ ಒಮ್ಮೆ ಕಣ್ಣೆತ್ತಿ, ಆ ಕ್ಷಣದಲ್ಲಿ ಅವರು ಏನು ಮಾಡುತ್ತಿದ್ದಾರೋ ಅದನ್ನಷ್ಟೇ ಬರೆಯಿರಿ. "ಮಾ" ಅಂದರೆ ಮಾಡುತ್ತಿದ್ದಾರೆ: ಬರೆಯುವುದು, ಬಿಡಿಸುವುದು, ಪಾಠದ ಬಗ್ಗೆ ಮಾತಾಡುವುದು. "ಕೇ" ಅಂದರೆ ಕೇಳುತ್ತಿರುವ ಹಾಗೆ ಕಾಣುತ್ತಾರೆ. "ಇ" ಅಂದರೆ ಪಾಠದಲ್ಲಿ ಇಲ್ಲ. ಅದರ ಹಿಂದಿನ ಕ್ಷಣ ಏನು ಮಾಡುತ್ತಿದ್ದರು, ಮುಂದೆ ಏನು ಮಾಡಿದರು, ಅದು ಬೇಡ. ಫೋಟೋ ತೆಗೆದ ಹಾಗೆ, ಅಷ್ಟೇ.

ಲೆಕ್ಕಕ್ಕೊಂದು ಉದಾಹರಣೆ. ಆರು ಮಕ್ಕಳು, ಎಂಟು ಸಲ ನೋಡಿದರೆ 48 ಗುರುತು. ಅದರಲ್ಲಿ ಮಾ 14, ಕೇ 17, ಇ 17 ಬಂತು ಅಂತ ಇಟ್ಟುಕೊಳ್ಳಿ. ಮಾ ಮತ್ತು ಕೇ ಕೂಡಿಸಿದರೆ 31, ಅಂದರೆ ಸುಮಾರು 65 ಶೇಕಡಾ. ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಈಗ ಮಾ ಒಂದನ್ನೇ ನೋಡಿ, 29 ಶೇಕಡಾ. ಕೈಯಾಡಿಸಿ ಕೆಲಸ ಮಾಡಿದ್ದು ಮೂರರಲ್ಲಿ ಒಂದು ಪಾಲೂ ಇಲ್ಲ. ಈ ಎರಡನ್ನೂ ಬೇರೆಬೇರೆ ಬರೆಯುವ ಕ್ರಮ ನನ್ನದಲ್ಲ. ಎಡ್ವರ್ಡ್ ಶಪೀರೊ ರೂಪಿಸಿದ, ಅಮೆರಿಕದ ಶಾಲಾ ಮನೋವಿಜ್ಞಾನಿಗಳು ಬಳಸುವ ವೀಕ್ಷಣಾ ಪದ್ಧತಿಯಲ್ಲೂ ಸಕ್ರಿಯ, ನಿಷ್ಕ್ರಿಯ ಅಂತ ಬೇರೆ ಮಾಡುತ್ತಾರೆ. ಅವರು 15 ಸೆಕೆಂಡಿಗೊಮ್ಮೆ ಗುರುತು ಹಾಕುತ್ತಾರೆ. ಅವರಿಗೆ ಪಾಠ ಮಾಡುವ ಕೆಲಸ ಇರುವುದಿಲ್ಲ, ಹಾಕಲಿ ಬಿಡಿ.

ನಿಮ್ಮ ಕಣ್ಣನ್ನೇ ನಂಬುವುದು ಹೇಗೆ? ಪೀರಿಯಡ್ ಖಾಲಿ ಇರುವ ಒಬ್ಬ ಸಹೋದ್ಯೋಗಿಯನ್ನು ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂರಿಸಿಕೊಳ್ಳಿ. ಅವರೂ ಅದೇ ಆರು ಮಕ್ಕಳನ್ನು, ಅದೇ ಹೊತ್ತಿಗೆ ಗುರುತು ಮಾಡಲಿ. ಆಮೇಲೆ ತಾಳೆ ನೋಡಿ. 48ರಲ್ಲಿ 39 ಒಂದೇ ಆಗಿದ್ದರೆ 81 ಶೇಕಡಾ ಹೊಂದಿಕೆ. 80ರ ಮೇಲಿದ್ದರೆ ಸಾಮಾನ್ಯವಾಗಿ ಸಾಕು ಅನ್ನುತ್ತಾರೆ. ನಮ್ಮ ಗಣಿತದ ಮೇಡಂ ಮೊದಲ ಸಲ ಕೂತಾಗ ನಮ್ಮಿಬ್ಬರದ್ದು ಅರ್ಧಕ್ಕರ್ಧ ಜಗಳ. "ಅವನು ಕೇಳ್ತಿರಲಿಲ್ಲ ಸಾರ್, ನಿಮ್ಮ ಮುಖ ನೋಡ್ತಿದ್ದ ಅಷ್ಟೇ" ಅಂದರು. ಅವರು ಹೇಳಿದ್ದೇ ಸರಿ ಇರಬೇಕು. ಹಾಗಾದಾಗ ಮಾ, ಕೇ, ಇ ಅಂದರೆ ಏನು ಅಂತ ಇಬ್ಬರೂ ಕೂತು ಮತ್ತೆ ಬರೆದುಕೊಳ್ಳಬೇಕು. ಯಾರ ಮಾತು ಸರಿ ಅನ್ನುವ ಜಿದ್ದಿಗೆ ಬೀಳಬೇಡಿ.

ಹೆಜ್ಜೆ 3: ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತೀರಿ?

ಇದನ್ನು ಅಳೆದ ದಿನ ನನಗೆ ನಿಜಕ್ಕೂ ನಾಚಿಕೆ ಆಯಿತು. ಫೋನಿನಲ್ಲಿ ಆಡಿಯೋ ರೆಕಾರ್ಡ್ ಹಾಕಿ ಮೇಜಿನ ಮೇಲಿಟ್ಟು ಪಾಠ ಮಾಡಿ, ಮನೆಗೆ ಹೋಗಿ ಕೇಳಿ. ರೆಕಾರ್ಡನ್ನು ಯಾರಿಗೂ ಕಳಿಸಬೇಡಿ, ಕೇಳಿ ಅಳಿಸಿಬಿಡಿ. ಪ್ರಶ್ನೆ ಮುಗಿದ ಮೇಲೆ ನೀವು ಮತ್ತೆ ಬಾಯಿ ಹಾಕುವವರೆಗೆ ಎಷ್ಟು ಸೆಕೆಂಡು?

ಮೇರಿ ಬಡ್ ರೋ ಅನ್ನುವ ವಿಜ್ಞಾನ ಶಿಕ್ಷಣದ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಟೇಪಿನಲ್ಲಿ ಕೇಳಿ ಅಳೆದರು. ಶಿಕ್ಷಕರು ಕಾಯುತ್ತಿದ್ದುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, "ಗೊತ್ತಿಲ್ಲ" ಅನ್ನುವುದು ಮತ್ತು ಸುಮ್ಮನಿರುವುದು ಕಡಿಮೆಯಾಯಿತು, ಮಕ್ಕಳೇ ಕೇಳುವ ಪ್ರಶ್ನೆ ಜಾಸ್ತಿಯಾಯಿತು. ಎರಡು ಸೆಕೆಂಡು ಹೆಚ್ಚಿಗೆ ಕಾಯಲು ನಯಾಪೈಸೆ ಖರ್ಚಿಲ್ಲ. ಆದರೂ ಕಷ್ಟ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ "ನೂರಾ ಒಂದು, ನೂರಾ ಎರಡು, ನೂರಾ ಮೂರು" ಅಂತ ಎಣಿಸಿ. ಆ ಮೂರು ಸೆಕೆಂಡು ಮೊದಮೊದಲು ಸಾವಿನ ಮನೆಯ ಹಾಗೆ ಅನ್ನಿಸುತ್ತದೆ. ಅಭ್ಯಾಸವಾಗುತ್ತದೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಆ ಕಡೆ ಮುಳಬಾಗಿಲು, ಶ್ರೀನಿವಾಸಪುರ, ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಶಿಡ್ಲಘಟ್ಟ ಪೇಟೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಹಲವು ಮನೆಗಳಲ್ಲಿ ಉರ್ದು. ಮಗು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿಸಿಕೊಂಡು, ತನ್ನ ಭಾಷೆಯಲ್ಲಿ ಯೋಚಿಸಿ, ಉತ್ತರವನ್ನು ಮತ್ತೆ ಪುಸ್ತಕದ ಕನ್ನಡಕ್ಕೆ ತಿರುಗಿಸಬೇಕು. ಅಷ್ಟರಲ್ಲಿ ನಾವು ಮುಂದಿನ ಬೆಂಚಿನವನಿಗೆ "ನೀನು ಹೇಳೋ" ಅಂದಿರುತ್ತೇವೆ. ನಾನು ಈಗ ಮೊದಲು ಪಕ್ಕದವರ ಜೊತೆ ಅರ್ಧ ನಿಮಿಷ ಮಾತಾಡಿ ಅನ್ನುತ್ತೇನೆ, ಯಾವ ಭಾಷೆಯಾದರೂ ಸರಿ. ಆಮೇಲೆ ಕನ್ನಡದಲ್ಲಿ ಹೇಳಲಿ. ಗೀಟು ಕಾಣದ ಬೆಂಚುಗಳಲ್ಲಿ ಚುಕ್ಕೆ ಬೀಳಲು ಶುರುವಾಗಿದ್ದು ಇದರಿಂದಲೇ.

ರೆಕಾರ್ಡ್ ಕೇಳುವಾಗ ಇನ್ನೆರಡು ಎಣಿಸಿಕೊಳ್ಳಿ. ನಿಮ್ಮ ಪ್ರಶ್ನೆಗಳಲ್ಲಿ ಒಂದೇ ಪದದ ಉತ್ತರ ಬೇಡುವವು ಎಷ್ಟು, "ಹೇಗೆ, ಯಾಕೆ, ಹೀಗಾದರೆ ಏನಾಗುತ್ತದೆ" ಅನ್ನುವವು ಎಷ್ಟು? ಮಕ್ಕಳು ತಾವಾಗಿ ಕೇಳಿದ ಪ್ರಶ್ನೆ ಎಷ್ಟು? "ಸಾರ್, ಗೆರೆ ಹಾಕಬೇಕಾ" ಅನ್ನುವುದನ್ನು ಸೇರಿಸಬೇಡಿ. ನನ್ನ ಮೊದಲ ರೆಕಾರ್ಡಿನಲ್ಲಿ ಅದು ಸೊನ್ನೆ. ಪ್ರಶ್ನೆ ಮಾಡಿ ಅಂತ ಜೀವನವಿಡೀ ಹೇಳಿಕೊಂಡು ಬಂದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಹುಟ್ಟಿದ್ದು ನಮ್ಮದೇ ಜಿಲ್ಲೆಯ ಗೌರಿಬಿದನೂರಿನ ಹತ್ತಿರದ ಹೊಸೂರಿನಲ್ಲಿ. ಅವರ ಜಯಂತಿಗೆ ಭಾಷಣ ಮಾಡಿಸುತ್ತೇವೆ, ಸರಿ. ಮಕ್ಕಳ ಪ್ರಶ್ನೆ ಎಷ್ಟು ಬಂತು ಅಂತ ಯಾರಾದರೂ ಎಣಿಸುತ್ತೇವಾ?

ಹೆಜ್ಜೆ 4: ಚೀಟಿ

ಆರು ವಾರದಲ್ಲಿ ಒಂದೇ ಒಂದನ್ನು ಮಾಡಲು ಟೈಮ್ ಇದ್ದರೆ ಇದನ್ನು ಮಾಡಿ.

ಪೀರಿಯಡ್ ಮುಗಿಯಲು ಐದು ನಿಮಿಷ ಇರುವಾಗ ಹಳೇ ಪ್ರಶ್ನೆಪತ್ರಿಕೆಯನ್ನು ನಾಲ್ಕು ತುಂಡು ಮಾಡಿ ಒಂದೊಂದು ಕೊಡಿ. ಒಂದೇ ಪ್ರಶ್ನೆ. ಅದು ನೋಟ್ಸಿನಲ್ಲಿ ಸಿಗಬಾರದು. "ಓಮ್‌ನ ನಿಯಮ ಬರೆಯಿರಿ" ಅಂದರೆ ಕೈಯನ್ನೇ ಇನ್ನೊಂದು ಸಲ ಅಳೆದ ಹಾಗೆ. ನಾನು ಕೇಳಿದ್ದು ಇದು: "ಗಣೇಶನ ಹಬ್ಬಕ್ಕೆ ಹಾಕುವ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಆ ಸಾಲಿಗೆ ಸಾಲೇ ಆರುತ್ತದೆ. ಮನೆಯಲ್ಲಿ ಅಡುಗೆಮನೆ ಬಲ್ಬು ಹೋದರೆ ನಡುಮನೆಯದ್ದು ಯಾಕೆ ಆರುವುದಿಲ್ಲ?" ಅದರ ಕೆಳಗೆ ಇನ್ನೊಂದು ಸಾಲು: "ಇವತ್ತು ತಲೆಯಲ್ಲಿ ಉಳಿದಿರುವ ಪ್ರಶ್ನೆ ಏನಾದರೂ ಇದ್ದರೆ ಬರೆಯಿರಿ."

ಮಾರ್ಕ್ಸ್ ಹಾಕಬೇಡಿ, ಕೆಂಪು ಪೆನ್ನು ಮುಟ್ಟಲೇಬೇಡಿ. ಮೂರು ಗುಡ್ಡೆ ಮಾಡಿ. ಕಾರಣ ಕೊಟ್ಟವರು, ಅದು ತಪ್ಪಿದ್ದರೂ ಪರವಾಗಿಲ್ಲ. ಪಾಠದ ವಾಕ್ಯವನ್ನೇ ಇಳಿಸಿದವರು. ಖಾಲಿ ಅಥವಾ ಸಂಬಂಧವಿಲ್ಲದ್ದು. ತಪ್ಪಾದ ಕಾರಣ ಮೊದಲ ಗುಡ್ಡೆಗೆ ಯಾಕೆ ಹೋಗುತ್ತದೆ ಅಂದರೆ, ನಾವಿಲ್ಲಿ ನೋಡುತ್ತಿರುವುದು ಮಗುವಿನ ತಲೆ ಓಡಿತಾ ಅಂತ. ಸರಿ-ತಪ್ಪು ನೋಡಲು ಎಫ್.ಎ. (ರೂಪಣಾತ್ಮಕ ಮೌಲ್ಯಮಾಪನ) ಇದೆ, ಎಸ್.ಎ. (ಸಂಕಲನಾತ್ಮಕ ಮೌಲ್ಯಮಾಪನ) ಇದೆ. 42 ಚೀಟಿ ವಿಂಗಡಿಸಲು ಹತ್ತು ನಿಮಿಷ ಸಾಕು. ಊಟದ ಬಿಡುವಿನಲ್ಲೇ ಆಗುತ್ತದೆ.

ಎರಡನೇ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ನಾನು ಏನು ಹೇಳಿದರೂ ತಲೆಯಾಡಿಸುತ್ತಿದ್ದಳು, ನೋಟ್ಸು ಅಚ್ಚುಕಟ್ಟು. ನನ್ನ ಲೆಕ್ಕದಲ್ಲಿ ಆಕೆ "ಕೇ"ಗಳ ರಾಣಿ. ಮೂರು ವಾರ ಅವಳ ಚೀಟಿ ಎರಡನೇ ಗುಡ್ಡೆಯಿಂದ ಏಳಲಿಲ್ಲ. ಹಿಂದೆ ಗೋಡೆಗೆ ಒರಗಿ ಕೂರುವ, ನೋಟ್ಸೇ ಬರೆಯದ ಒಬ್ಬ ಹುಡುಗ ಬರೆದಿದ್ದ: "ಸಾರ್, ಬಲ್ಬು ಆರಿದ ಮೇಲೆ ವೈರಿನಲ್ಲಿದ್ದ ಕರೆಂಟು ಎಲ್ಲಿಗೆ ಹೋಗುತ್ತದೆ?" ಈ ಪ್ರಶ್ನೆಗೆ ಒಂದು ಇಡೀ ಪೀರಿಯಡ್ ಕೊಟ್ಟೆ.

ನ್ಯೂಜಿಲೆಂಡಿನ ಗ್ರಹಾಂ ನಥಾಲ್ ಅನ್ನುವ ಸಂಶೋಧಕರು ಮಕ್ಕಳಿಗೆ ಪುಟ್ಟ ಮೈಕ್ ಹಾಕಿ ತರಗತಿಯಲ್ಲಿ ಅವರು ಏನೇನು ಮಾತಾಡುತ್ತಾರೆ ಅಂತ ವರ್ಷಗಟ್ಟಲೆ ಕೇಳಿದರು. ಅವರು ಕಂಡುಕೊಂಡದ್ದರಲ್ಲಿ ಒಂದು ವಿಷಯ ನನ್ನನ್ನು ಬಿಟ್ಟೇ ಹೋಗಿಲ್ಲ. ಮಕ್ಕಳು ಅತಿ ಬಿಜಿಯಾಗಿ ಕಾಣುವುದು ಎಷ್ಟೋ ಸಲ ತಮಗೆ ಮೊದಲೇ ಗೊತ್ತಿರುವುದನ್ನು ಮಾಡುವಾಗ. ಆದ್ದರಿಂದ ಹೆಜ್ಜೆ 2ರಲ್ಲಿ ಮಾ ಜಾಸ್ತಿ ಬಂದು ಚೀಟಿಯಲ್ಲಿ ಮೊದಲ ಗುಡ್ಡೆ ಸಣ್ಣದಿದ್ದರೆ, ನೀವು ಕೊಟ್ಟ ಕೆಲಸ ತೀರಾ ಸುಲಭವೋ, ಬರೀ ನಕಲು ಮಾಡುವುದೋ ಇರಬೇಕು.

ಹೆಜ್ಜೆ 5: ಮನಸ್ಸನ್ನು ಕೇಳುವುದು

ಆರು ವಾಕ್ಯ ಸಾಕು. ಪ್ರತಿ ವಾಕ್ಯಕ್ಕೆ ನಾಲ್ಕು ಮನೆ: ಯಾವಾಗಲೂ, ಸುಮಾರು ಸಲ, ಅಪರೂಪಕ್ಕೆ, ಇಲ್ಲವೇ ಇಲ್ಲ. ಕ್ರಮವಾಗಿ 4, 3, 2, 1. ರೆನ್ಸಿಸ್ ಲಿಕರ್ಟ್ 1932ರಲ್ಲಿ ತಂದ ಅಳತೆ ಐದು ಮನೆಯದ್ದು, ನಡುವೆ "ಹೇಳಲಾರೆ" ಇರುತ್ತದೆ. ನಮ್ಮ ಮಕ್ಕಳಿಗೆ ನಡುಮನೆ ಕೊಟ್ಟರೆ ಎಲ್ಲರೂ ಅಲ್ಲೇ ಹೋಗಿ ಕೂರುತ್ತಾರೆ, ಅದಕ್ಕೆ ನಾಲ್ಕೇ ಮಾಡಿಕೊಂಡೆ.

ನನ್ನ ವಾಕ್ಯಗಳು: ಈ ಪೀರಿಯಡ್ ಬೇಗ ಮುಗಿದ ಹಾಗೆ ಅನ್ನಿಸುತ್ತದೆ. ತಪ್ಪು ಉತ್ತರ ಹೇಳಲು ನನಗೆ ಹೆದರಿಕೆ ಇಲ್ಲ. ಅರ್ಥವಾಗದಿದ್ದರೆ ಕೇಳುತ್ತೇನೆ. ಇಲ್ಲಿ ಕಲಿತದ್ದನ್ನು ಮನೆಯಲ್ಲಿ ಯಾರಿಗಾದರೂ ಹೇಳುತ್ತೇನೆ. ಈ ಪೀರಿಯಡ್‌ನಲ್ಲಿ ಗಂಟೆ ಯಾವಾಗ ಹೊಡೆಯುತ್ತದೋ ಅಂತ ಕಾಯುತ್ತೇನೆ. ನಾನು ಬರದಿದ್ದರೆ ಸಾರ್‌ಗೆ ಗೊತ್ತಾಗುತ್ತದೆ.

ಐದನೆಯದು ಉಲ್ಟಾ ವಾಕ್ಯ. ಅದರ ಅಂಕವನ್ನು ಐದರಲ್ಲಿ ಕಳೆಯಬೇಕು, 4 ಬಂದರೆ 1. ಎಲ್ಲದಕ್ಕೂ ಕಣ್ಣುಮುಚ್ಚಿ "ಯಾವಾಗಲೂ" ಅಂತ ಟಿಕ್ ಹಾಕಿದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಹೆಸರು ಬರೆಸಬೇಡಿ. ನೀವು ಹೊರಗೆ ನಿಂತಿರಿ, ಬೇರೆ ಮೇಷ್ಟ್ರು ಕೊಟ್ಟು ವಾಪಸ್ ತೆಗೆದುಕೊಳ್ಳಲಿ. ನೀವೇ ನಿಂತು ಕೊಟ್ಟರೆ ಏನು ಬರುತ್ತದೆ ಗೊತ್ತಲ್ಲ, ಮತ್ತೆ ಅದೇ "ಆಯ್ತೂ ಸಾಆರ್". ಒಟ್ಟು ಸರಾಸರಿ ತೆಗೆಯುವುದಕ್ಕಿಂತ ಒಂದೊಂದು ವಾಕ್ಯದ ಸರಾಸರಿ ನೋಡಿ. ನನಗೆ ಕೊನೆಯ ವಾಕ್ಯಕ್ಕೇ ಕಡಿಮೆ ಬಂತು. ಹಾಜರಿ ದಿನಾ ಕರೆಯುತ್ತೇನೆ, ಆದರೂ.

ಹೆಜ್ಜೆ 6: ಸಂಖ್ಯೆಯನ್ನು ಊರಿನ ಜೊತೆ ಇಟ್ಟು ಓದುವುದು

ಹಾಜರಿ ಪುಸ್ತಕ, ಹೋಂವರ್ಕ್, ತಡವಾಗಿ ಬಂದ ದಿನಗಳು, ಇವು ನಿಮ್ಮ ಹತ್ತಿರ ಹೇಗೂ ಇವೆ. ಅವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಸಂತೆಯ ದಿನ ಯಾರು ಬರುವುದಿಲ್ಲ, ರಾಗಿ ಕಟಾವಿನಲ್ಲಿ ಯಾರು ಬರುವುದಿಲ್ಲ, ತಿಂಗಳಲ್ಲಿ ಒಂದೇ ವಾರ ತೂಕಡಿಸುವವರು ಯಾರು?

ಆ ಒಂದು ವಾರದ ಕಥೆ ನಮ್ಮ ತಾಲೂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಆರು ಮಕ್ಕಳಲ್ಲಿ ಒಬ್ಬನಿಗೆ ಒಂದು ವಾರ ಪೂರ್ತಿ "ಇ, ಇ, ಇ". ಅವರಪ್ಪನನ್ನು ಕಂಡು ಕೇಳಿದೆ. "ಏನ್ಮಾಡೋದು ಮೇಷ್ಟ್ರೆ, ನಾಲ್ಕನೇ ಜ್ವರ ಎದ್ದೈತೆ" ಅಂದರು. ಮಗನಿಗಲ್ಲ ಜ್ವರ, ಹುಳುವಿಗೆ. ರೇಷ್ಮೆ ಹುಳು ಪೊರೆ ಬಿಡುವುದನ್ನು ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಣ್ಣಾಗುವವರೆಗೆ, ಅಂದರೆ ಗೂಡು ಕಟ್ಟಲು ತಯಾರಾಗುವವರೆಗೆ, ಸುಮಾರು ಒಂದು ವಾರ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ಆ ಒಂದು ವಾರದಲ್ಲೇ ತಿನ್ನುತ್ತದೆ. ರಾತ್ರಿ ಸೊಪ್ಪು ಹಾಕಬೇಕು, ಬೆಳಿಗ್ಗೆ ಎದ್ದು ಕೊಯ್ಯಬೇಕು. ಹುಡುಗ ನಿದ್ದೆ ಮಾಡುವುದು ನನ್ನ ಪೀರಿಯಡ್‌ನಲ್ಲೇ. ಅದನ್ನು ನಾನು ತೊಡಗುವಿಕೆ ಇಲ್ಲ ಅಂತ ಬರೆದುಕೊಂಡಿದ್ದರೆ ಅಳತೆಯೇ ಸುಳ್ಳಾಗುತ್ತಿತ್ತು. ಈಗ ನಕ್ಷೆಯ ಅಂಚಿನಲ್ಲಿ "ಹುಳು" ಅಂತ ಗುರುತು ಹಾಕುತ್ತೇನೆ, ಆ ವಾರದ ಅಂಕಿಯನ್ನು ಸರಾಸರಿಗೆ ಸೇರಿಸುವುದಿಲ್ಲ. ಹಬ್ಬದ ಹಿಂದಿನ ದಿನ, ಕಿರುಪರೀಕ್ಷೆಯ ದಿನ, ತಾಲೂಕು ಕ್ರೀಡಾಕೂಟದ ವಾರ, ಇವನ್ನೂ ಬಿಟ್ಟುಬಿಡಿ.

ಹೆಜ್ಜೆ 7: ಒಂದೇ ಒಂದು ಬದಲಾವಣೆ, ಮತ್ತೆ ಅಳತೆ

ನಾಲ್ಕು ವಾರದ ಅಂಕಿ ಕೈಯಲ್ಲಿದ್ದಾಗ ಹತ್ತು ಬದಲಾವಣೆ ಮಾಡುವ ಹುಮ್ಮಸ್ಸು ಬರುತ್ತದೆ. ಒಂದನ್ನೇ ಮಾಡಿ. ಮೂರು ಸೆಕೆಂಡು ಕಾಯುವುದೋ, ಜೋಡಿ ಮಾತೋ, ಜಾಗ ಬದಲಿಸುವುದೋ. ಎರಡು ವಾರ ಬಿಟ್ಟು ಅದೇ ಆರು ಮಕ್ಕಳು, ಅದೇ ಪೀರಿಯಡ್, ಅದೇ ಥರದ ಚೀಟಿ. ಬೆಳಿಗ್ಗೆಯ ಮೊದಲ ಪೀರಿಯಡ್ಡನ್ನು ಊಟವಾದ ಮೇಲಿನ ಪೀರಿಯಡ್ಡಿಗೆ ಹೋಲಿಸಬೇಡಿ. ಒಂದೆರಡು ಶೇಕಡಾ ಏರಿದ್ದಕ್ಕೆ ಸಿಹಿ ಹಂಚಲೂ ಬೇಡಿ, 48 ಗುರುತಿನಲ್ಲಿ ಒಂದೆರಡು ಅತ್ತಿತ್ತ ಆದರೆ ಅಷ್ಟು ಬದಲಾಗಿಯೇ ಆಗುತ್ತದೆ.

ಈ ನೋಟ್‌ಬುಕ್ ಬೀರುವಿನಲ್ಲೇ ಇರಲಿ. ಇದನ್ನು ಮಾರ್ಕ್ಸ್ ಕಾರ್ಡಿಗೆ ಏರಿಸಬೇಡಿ, ಪೋಷಕರ ಸಭೆಯಲ್ಲಿ ಓದಬೇಡಿ. ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದರೆ ತೋರಿಸುವ ಆಸೆ ಆಗುತ್ತದೆ, ನನಗೂ ಆಗಿತ್ತು. ಒಂದು ಸಲ ಇದು ವರದಿಯಾದರೆ ಮುಂದಿನ ತಿಂಗಳಿಂದ ಎಲ್ಲರ ಅಂಕಿಯೂ 90ರ ಮೇಲೇ ಇರುತ್ತದೆ, ಫ್ಲ್ಯಾಂಡರ್ಸ್ ರೆಕಾರ್ಡಿನ ಹಾಗೆ.

ನನ್ನ ಈ ಸಲದ ಲೆಕ್ಕ: ಕಾಯುವ ಹೊತ್ತು ಒಂದರಿಂದ ಎರಡೂವರೆ ಸೆಕೆಂಡಿಗೆ ಬಂದಿದೆ, ಮೂರಕ್ಕೆ ಇನ್ನೂ ಮುಟ್ಟಿಲ್ಲ. ಚೀಟಿಯ ಮೊದಲ ಗುಡ್ಡೆ ದಪ್ಪವಾಗಿದೆ. ತಲೆಯಾಡಿಸುವ ಹುಡುಗಿ ಹೋದ ವಾರ ಒಂದು ತಪ್ಪು ಕಾರಣ ಬರೆದಿದ್ದಳು, ಅವಳದ್ದೇ ಸ್ವಂತ ಕಾರಣ. ಕಿಟಕಿ ಪಕ್ಕದ ಏಳು ಮಕ್ಕಳಲ್ಲಿ ಮೂವರಿಗೆ ಇನ್ನೂ ಚುಕ್ಕೆ ಬಿದ್ದಿಲ್ಲ. ಸೋಮವಾರ ಬೆಂಚು ತಿರುಗಿಸಿ ಹಾಕಿ ನೋಡಬೇಕು.